ಚಳಿಗಾಲದ ಅಬ್ಬಿಗೆ ಹಳೆಯ ಲೆನ್ಸ್: ಮಲೆನಾಡಿನ ಜಲಪಾತಗಳ ಫೋಟೋ ತೆಗೆಯಲು ಸಮಗ್ರ ಮಾರ್ಗದರ್ಶಿ

ಜೋಗ ನೋಡಲು ಜನ ಮುಗಿಬೀಳುವುದು ಜುಲೈ, ಆಗಸ್ಟಿನಲ್ಲಿ. ನೋಡುವುದಕ್ಕೆ ಅದೇ ಸರಿಯಾದ ಕಾಲ. ಫೋಟೋಗೆ ಮಾತ್ರ ನಾನು ಚಳಿಗಾಲವನ್ನೇ ಆರಿಸುತ್ತೇನೆ. ಮಳೆಗಾಲದಲ್ಲಿ ಅರ್ಧ ಹೊತ್ತು ಮಂಜು ಮುಸುಕಿರುತ್ತದೆ. ಮಂಜು ಸರಿದರೂ ಕಾಣುವುದು ಒಂದೇ ರಾಶಿ ನೀರು. ನವೆಂಬರ್ ಕಳೆಯುತ್ತಿದ್ದಂತೆ ಆ ನೀರು ಇಳಿದು ತಿಳಿಯಾಗುತ್ತದೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಹಿಂದಿನ ಬಂಡೆಯ ಪದರ, ಬಿರುಕಿನಲ್ಲಿ ಬೆಳೆದ ಜರಿಗಿಡ, ಒದ್ದೆ ಕಲ್ಲಿನ ಕಪ್ಪು ಹೊಳಪು ಎಲ್ಲ ಹೊರಗೆ ಬರುತ್ತವೆ. ಉಂಬಳದ ಕಾಟವೂ ಬಹುಮಟ್ಟಿಗೆ ನಿಂತಿರುತ್ತದೆ.

ಈ ಎಳೆಗಳನ್ನು ಹಿಡಿಯುವುದು ನಿಧಾನದ ಕೆಲಸ. ಅದಕ್ಕೆ ಹಳೆಯ ಮ್ಯಾನುಯಲ್ ಲೆನ್ಸ್ ಚೆನ್ನಾಗಿ ಒಗ್ಗುತ್ತದೆ. ಫೋಕಸ್, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಎರಡೂ ನಿಮ್ಮ ಬೆರಳ ತುದಿಯಲ್ಲೇ ಇರುತ್ತವೆ. ಲೆನ್ಸಿನ ಮೇಲೆ ದೂರದ ಅಳತೆ ಕೆತ್ತಿರುತ್ತದೆ. ಒಮ್ಮೆ ಹೊಂದಿಸಿದರೆ ನೀವು ಮುಟ್ಟುವವರೆಗೆ ಅದು ಕದಲುವುದಿಲ್ಲ. ನೀರಿನ ಎದುರು ಹೊಸ ಆಟೋಫೋಕಸ್ ಆಗಾಗ ತಡಕಾಡುತ್ತದೆ ಅಲ್ವಾ, ಇಲ್ಲಿ ಆ ತೊಂದರೆಯೇ ಇಲ್ಲ.

ಯಾವ ಲೆನ್ಸ್, ಅದು ಸರಿ ಇದೆಯಾ

ಮೊದಲು ಮನೆಯ ಬೀರು ನೋಡಿ. ಅಪ್ಪನದೋ ಚಿಕ್ಕಪ್ಪನದೋ ಫಿಲ್ಮ್ ಕ್ಯಾಮೆರಾ ಇದ್ದರೆ ಅದರ ಜೊತೆ ಬಂದ 50 ಅಥವಾ 55 ಎಂಎಂ ಲೆನ್ಸೇ ಸಾಕು. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದು ಸೋವಿಯತ್ ಕಾಲದ ಹೀಲಿಯೋಸ್ 44-2. ಇದು 58 ಎಂಎಂ, ಎಫ್/2 ಲೆನ್ಸ್ (ಎಫ್ ಅಂಕಿ ಸಣ್ಣದಾದಷ್ಟೂ ಅಪರ್ಚರ್ ದೊಡ್ಡದು). ಎಂ42 ಅನ್ನುವ ಮೌಂಟಿನದು, ಅಂದರೆ ಕ್ಯಾಮೆರಾಗೆ ತಿರುಪಿ ಕೂರಿಸುವಂಥದ್ದು. ಪೆಂಟಾಕ್ಸ್‌ನ ಸೂಪರ್ ಟಕುಮಾರ್ 55 ಎಂಎಂ ಎಫ್/1.8 ಕೂಡ ಇದೇ ಮೌಂಟಿನ ಒಳ್ಳೆಯ ಲೆನ್ಸ್. ಎರಡಕ್ಕೂ 49 ಎಂಎಂ ಫಿಲ್ಟರ್ ಹೊಂದುತ್ತದೆ. ಹಾಗಾಗಿ ಫಿಲ್ಟರ್ ಖರ್ಚು ಕಡಿಮೆ. ಇದರ ಜೊತೆ ಅಗಲ ನೋಟಕ್ಕೆ 28 ಎಂಎಂ ಒಂದು, ದೂರದ್ದನ್ನು ಹತ್ತಿರ ತರಲು 135 ಎಂಎಂ ಒಂದು ಸಿಕ್ಕರೆ ಮಲೆನಾಡಿನ ಎಲ್ಲ ಅಬ್ಬಿಗಳಿಗೂ ಆಯಿತು. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ನೋಟ ಕಿರಿದಾಗುತ್ತದೆ ಅನ್ನುವುದು ನೆನಪಿರಲಿ. ನೋಟವನ್ನು 1.5 ಪಟ್ಟು ಕಿರಿದಾಗಿಸುವ ಸೆನ್ಸರಿನಲ್ಲಿ 58 ಎಂಎಂ ಲೆನ್ಸ್ 87 ಎಂಎಂನ ನೋಟ ಕೊಡುತ್ತದೆ. ಅಂಥ ಕ್ಯಾಮೆರಾ ಇದ್ದವರಿಗೆ 28 ಎಂಎಂ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಲೆನ್ಸ್ ಕೈಗೆ ಬಂದ ಕೂಡಲೇ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಅಂಚಿನಿಂದ ಕವಲೊಡೆದು ಹರಡಿದ ಸಣ್ಣ ಎಳೆಗಳು ಕಂಡರೆ ಅದು ಬೂಷ್ಟು. ಗಾಜು ಪೂರ್ತಿ ಮಬ್ಬಾಗಿ ಹೊಗೆ ಕವಿದಂತಿದ್ದರೆ ಇನ್ನೂ ಕೆಟ್ಟದ್ದು. ಕಪ್ಪು ಕಾಡಿನ ಮಧ್ಯೆ ಬಿಳಿ ನೀರು ಇರುವ ದೃಶ್ಯದಲ್ಲಿ ಆ ಮಬ್ಬು ಇಡೀ ಚಿತ್ರದ ಮೇಲೆ ಹರಡುತ್ತದೆ. ಇನ್ನೊಂದು, ಫೋಕಸ್ ರಿಂಗ್ ಒಂದೇ ಸಮನೆ ತಿರುಗಬೇಕು. ಹಳೆಯ ಗ್ರೀಸ್ ಗಟ್ಟಿಯಾಗಿದ್ದರೆ ಬೆಳಗಿನ ಚಳಿಗೆ ಇನ್ನಷ್ಟು ಬಿಗಿಯುತ್ತದೆ, ತಿರುಗಿಸಲು ಹೋದರೆ ಟ್ರೈಪಾಡೇ ಅಲುಗುತ್ತದೆ.

ಅಡಾಪ್ಟರ್ ವಿಷಯದಲ್ಲಿ ಅವಸರ ಬೇಡ

ಮಿರರ್‌ಲೆಸ್ ಕ್ಯಾಮೆರಾ ಇದ್ದವರು ಗಾಜಿಲ್ಲದ ಸಾದಾ ಅಡಾಪ್ಟರ್, ಅಂದರೆ ಲೆನ್ಸನ್ನು ಕ್ಯಾಮೆರಾಗೆ ಕೂಡಿಸುವ ಬಳೆ, ತೆಗೆದುಕೊಂಡರೆ ಸಾಕು. ಎಂ42 ಲೆನ್ಸ್ ಸೆನ್ಸರಿನಿಂದ 45.46 ಎಂಎಂ ದೂರದಲ್ಲಿ ಕೂರಬೇಕು. ಸೋನಿ ಇ ಮೌಂಟಿನಲ್ಲಿ ಆ ದೂರ ಬರೀ 18 ಎಂಎಂ. ಉಳಿದ ಜಾಗವನ್ನು ಅಡಾಪ್ಟರ್ ತುಂಬುತ್ತದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲೂ ಎಂ42 ಸಾದಾ ಅಡಾಪ್ಟರಿನಲ್ಲಿ ನಡೆಯುತ್ತದೆ, ಅಲ್ಲಿ ದೂರ 44 ಎಂಎಂ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಮಾತ್ರ ಅದು 46.5 ಎಂಎಂ. ಅಂದರೆ ಲೆನ್ಸ್ ಬೇಕಾದ್ದಕ್ಕಿಂತ ಮುಂದೆ ಕೂರುತ್ತದೆ, ದೂರದ ವಸ್ತುವಿಗೆ ಫೋಕಸ್ಸೇ ಆಗುವುದಿಲ್ಲ. ಜೋಗದ ಎದುರು ನಿಂತು ಇದು ಗೊತ್ತಾದರೆ ಏನೂ ಮಾಡಲಾಗದು. ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ನಿಕಾನಿನದೇ ಎಐ ಅಥವಾ ಎಐ-ಎಸ್ ಮಾದರಿಯ ಹಳೆಯ ಮ್ಯಾನುಯಲ್ ಲೆನ್ಸ್ ಹುಡುಕುವುದು ಮೇಲು.

ಅಡಾಪ್ಟರಿನ ಒಳಗೋಡೆಯನ್ನೂ ಒಮ್ಮೆ ನೋಡಿ. ಕೆಲವು ಅಗ್ಗದ ಅಡಾಪ್ಟರುಗಳ ಒಳಗೆ ಕಪ್ಪು ಬಣ್ಣವಿದ್ದರೂ ಹೊಳಪು ಇರುತ್ತದೆ. ಅಬ್ಬಿಯ ಬಿಳಿ ಅಲ್ಲಿ ಪ್ರತಿಫಲಿಸಿ ಚಿತ್ರದ ನಡುವೆ ಮಸುಕು ಮಚ್ಚೆ ಮೂಡುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಅನೇಕರು ಅಂದುಕೊಳ್ಳುವುದು ಇದನ್ನೇ. ಹೊಳಪಿಲ್ಲದ ಕಪ್ಪು ಬಣ್ಣ ಬಳಿದರೆ ಅಥವಾ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದರೆ ಸರಿಹೋಗುತ್ತದೆ.

ಎಲ್ಲಿಗೆ, ಯಾವಾಗ

ನವೆಂಬರ್ ಕೊನೆಯಿಂದ ಜನವರಿ ಮೊದಲ ವಾರಗಳವರೆಗೆ ಒಳ್ಳೆಯ ಸಮಯ. ಫೆಬ್ರವರಿ ಬಂತೆಂದರೆ ಎಷ್ಟೋ ಕಡೆ ನೀರು ಒಸರುವಷ್ಟಕ್ಕೆ ಇಳಿದಿರುತ್ತದೆ.

ಎಲ್ಲ ಅಬ್ಬಿಗೂ ಚಳಿಗಾಲ ಒಂದೇ ಥರ ಅಲ್ಲ. ಮೇಲೆ ಅಣೆಕಟ್ಟು ಇದೆಯೋ ಇಲ್ಲವೋ ಅನ್ನುವುದನ್ನು ಮೊದಲು ತಿಳಿಯಿರಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಚಳಿಗಾಲದ ಜೋಗ ಸೊರಗಿದೆ. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತೆಳುವಾಗಿರುತ್ತವೆ. ಇಡೀ ಜೋಗವನ್ನು ಒಂದೇ ಚೌಕಟ್ಟಿಗೆ ತುರುಕಿದರೆ ಬಂಡೆಯೇ ಕಾಣುತ್ತದೆ, ನೀರು ಕಾಣುವುದಿಲ್ಲ. ಅಲ್ಲಿ 135 ಎಂಎಂ ಹಾಕಿ. ರಾಜನ ಒಂದೇ ಎಳೆ, ಹಿಂದಿನ ಕಪ್ಪು ಬಂಡೆ, ಅಷ್ಟನ್ನೇ ಹಿಡಿಯಿರಿ. ಆ ಎತ್ತರ ಎಷ್ಟು ಅನ್ನುವುದು ಇಡೀ ನೋಟಕ್ಕಿಂತ ಆ ಒಂದು ತುಂಡಿನಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ವಾರಾಹಿಯ ಕುಂಚಿಕಲ್ ಅಬ್ಬಿಯ ಕಥೆ ಇನ್ನೂ ಬೇರೆ. ಮಾಣಿ ಅಣೆಕಟ್ಟಿನಿಂದಾಗಿ ಅಲ್ಲಿ ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ. ಚಳಿಗಾಲದಲ್ಲಿ ಆ ಕಡೆ ಹೋಗುವುದು ಸುಮ್ನೆ.

ಮೇಲೆ ಬರೀ ಕಾಡೇ ಇರುವ ಅಬ್ಬಿಗಳು ನಮಗೆ ಬೇಕಾದವು. ಆಗುಂಬೆ ಹತ್ತಿರದ ಜೋಗಿಗುಂಡಿ ಪುಟ್ಟದು, ನೆರಳಿನಲ್ಲಿರುವುದು, ಕಲಿಯಲು ಹೇಳಿ ಮಾಡಿಸಿದ ಜಾಗ. ಶೃಂಗೇರಿಯಿಂದ ಕಿಗ್ಗ ದಾಟಿ ಹೋದರೆ ಸಿರಿಮನೆ. ಮೆಟ್ಟಿಲು ಇರುವುದರಿಂದ ಟ್ರೈಪಾಡ್ ಹೊತ್ತು ಇಳಿಯುವುದು ಸುಲಭ. ಕೊಡಚಾದ್ರಿ ಬುಡದ ಹಿಡ್ಲುಮನೆ ಚಂದ, ಆದರೆ ಕಾಡಿನಲ್ಲಿ ಏರಿಳಿದು ನಡೆಯಬೇಕು, ಸಾಮಾನು ಕಡಿಮೆ ಇರಲಿ. ಬರ್ಕಣ, ಒನಕೆ ಅಬ್ಬಿ ಕಡೆ ಹೊರಟವರು ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಮುಂದೆ ಹೋಗಿ.

ಇನ್ನು ಬಿಸಿಲಿನ ಲೆಕ್ಕ. ಇದು ಎಲ್ಲಕ್ಕಿಂತ ಮುಖ್ಯ. ಡಿಸೆಂಬರ್ 21ರ ಆಸುಪಾಸಿನಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆಗ್ನೇಯದಲ್ಲಿ, ಮುಳುಗುವುದು ನೈಋತ್ಯದಲ್ಲಿ. ನಡುಮಧ್ಯಾಹ್ನವೂ ಅದು ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ, ಅದೂ ದಕ್ಷಿಣಕ್ಕೆ ವಾಲಿಕೊಂಡಿರುತ್ತದೆ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಕಡಿದಾದ ಅಬ್ಬಿಗೆ ಚಳಿಗಾಲದಲ್ಲಿ ದಿನವಿಡೀ ನೇರ ಬಿಸಿಲು ಬೀಳದೇ ಇರಬಹುದು. ನಮಗೆ ಅದು ವರವೇ. ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಗಿನ ಬಿಸಿಲು ನೇರ ಬಡಿಯುತ್ತದೆ, ಅಂಥ ಕಡೆ ಸಂಜೆಯೇ ಒಳ್ಳೆಯದು. ಪಶ್ಚಿಮದ್ದಾದರೆ ಇದಕ್ಕೆ ಉಲ್ಟಾ. ಮ್ಯಾಪಿನಲ್ಲಿ ದಿಕ್ಕು ನೋಡಿಕೊಂಡು ಹೋಗಿ. ಅದಕ್ಕಿಂತ ಒಳ್ಳೆಯದು, ಹಿಂದಿನ ದಿನವೇ ಹತ್ತಿರದ ತೋಟದವರನ್ನು ಕೇಳುವುದು. “ಹತ್ತೂವರೆಗೆ ಬಿಸಿಲು ಬೀಳ್ತದೆ ಮಾರಾಯ್ರೆ, ಅಷ್ಟರೊಳಗೆ ಮುಗಿಸ್ಕೊಳ್ಳಿ” ಅಂತ ಅವರು ಯಾವ ಆ್ಯಪಿಗಿಂತಲೂ ಸರಿಯಾಗಿ ಹೇಳುತ್ತಾರೆ. ಗುಡ್ಡದ ನೆರಳು ಎಷ್ಟು ಹೊತ್ತಿಗೆ ಸರಿಯುತ್ತದೆ ಅನ್ನುವುದು ಅಲ್ಲೇ ಇರುವವರಿಗೆ ಮಾತ್ರ ಗೊತ್ತು.

ಮನೆಯಲ್ಲೇ ಮಾಡಿಕೊಳ್ಳಬೇಕಾದ ಸೆಟ್ಟಿಂಗ್

ಹಳೆಯ ಲೆನ್ಸಿಗೂ ಕ್ಯಾಮೆರಾಗೂ ಮಾತುಕತೆ ಇಲ್ಲ. ಲೆನ್ಸೇ ಇಲ್ಲ ಅಂದುಕೊಂಡು ಎಷ್ಟೋ ಕ್ಯಾಮೆರಾಗಳು ಕ್ಲಿಕ್ ಆಗುವುದಿಲ್ಲ. ಅಂಥವುಗಳ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿ. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಫೋಕಸ್ ಪೀಕಿಂಗ್ ಆನ್ ಮಾಡಿ, ಚಿತ್ರ ಹಿಗ್ಗಿಸಿ ನೋಡುವುದನ್ನು ಕೈಗೆ ಸಿಗುವ ಒಂದು ಬಟನ್ನಿಗೆ ಹಾಕಿಕೊಳ್ಳಿ. ಕ್ಯಾಮೆರಾದೊಳಗೆ ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇದ್ದರೆ ಅದಕ್ಕೆ 58 ಎಂಎಂ ಅಂತ ಕೈಯಾರೆ ಹೇಳಬೇಕು. ಟ್ರೈಪಾಡ್ ಮೇಲೆ ಅದನ್ನು ಆಫ್ ಮಾಡಿ. ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ), ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎರಡು ಸೆಕೆಂಡ್ ಟೈಮರ್. ವೈಟ್ ಬ್ಯಾಲೆನ್ಸ್ ನೆರಳಿನದಕ್ಕೆ ಇಡಿ, ಇಲ್ಲದಿದ್ದರೆ ಕಾಡಿನ ನೆರಳಲ್ಲಿ ನೀರು ನೀಲಿಗಟ್ಟುತ್ತದೆ. ಎಂ42 ಲೆನ್ಸಿನಲ್ಲಿ ಎ ಮತ್ತು ಎಂ ಅನ್ನುವ ಪುಟ್ಟ ಸ್ವಿಚ್ ಇದ್ದರೆ ಎಂ ಕಡೆಗಿರಲಿ. ಎ ಕಡೆಗಿದ್ದರೆ ಸಾದಾ ಅಡಾಪ್ಟರಿನಲ್ಲಿ ನೀವು ರಿಂಗ್ ಎಷ್ಟೇ ತಿರುಗಿಸಿದರೂ ಅಪರ್ಚರ್ ಮುಚ್ಚುವುದಿಲ್ಲ.

ಕಾಲೂರುವ ಜಾಗ

ಚಳಿಗಾಲದಲ್ಲಿ ಬಂಡೆ ಒಣಗಿದಂತೆ ಕಾಣುತ್ತದೆ. ನೀರಿನ ಅಂಚಿನ ಎರಡು ಅಡಿ ಮಾತ್ರ ಪಾಚಿ ಕಟ್ಟಿಕೊಂಡು ಜಾರುತ್ತಲೇ ಇರುತ್ತದೆ. ಹಿಡಿತವಿರುವ ರಬ್ಬರ್ ಅಟ್ಟೆಯ ಚಪ್ಪಲಿ ಹಾಕಿ, ಕ್ಯಾಮೆರಾ ಬ್ಯಾಗಿನಲ್ಲಿರುವಾಗಲೇ ಖಾಲಿ ಕೈಯಲ್ಲಿ ಒಮ್ಮೆ ಓಡಾಡಿ ಜಾಗ ನೋಡಿಕೊಳ್ಳಿ. ಗುಂಡಿಗಳು ಆಳ ಇರುತ್ತವೆ, ಫೋಟೋಗೋಸ್ಕರ ನೀರಿಗಿಳಿಯಬೇಡಿ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ನೀರು ಬಿಟ್ಟರೆ ಮಟ್ಟ ಇದ್ದಕ್ಕಿದ್ದಂತೆ ಏರಬಹುದು. ಅಲ್ಲಿ ಬೋರ್ಡ್ ಇದ್ದರೆ ಅದರ ಮಾತೇ ಕೊನೆ.

ಟ್ರೈಪಾಡಿನ ಕಾಲು ಹರಿಯುವ ನೀರಿನಲ್ಲಿದ್ದರೆ ಸಣ್ಣಗೆ ನಡುಗುತ್ತದೆ. ಕಲ್ಲಿನ ಮೇಲೆ ಊರಿ. ಕ್ಯಾಮೆರಾ ಕೆಳಗಿರಲಿ, ಮೊಣಕಾಲಿನ ಎತ್ತರಕ್ಕೆ. ಮುಂದಿನ ಕಲ್ಲು ಆಗ ದೊಡ್ಡದಾಗಿ ಕಾಣುತ್ತದೆ, ಸೊರಗಿದ ನೀರಿಗೂ ಒಂದು ಗತ್ತು ಬರುತ್ತದೆ.

ಫೋಕಸ್: ತೆರೆದು ನೋಡಿ, ಮುಚ್ಚಿ ತೆಗೆಯಿರಿ

ಹೀಲಿಯೋಸ್ 44-2ರ ಮುಂದುಗಡೆ ಎರಡು ರಿಂಗುಗಳಿವೆ. ಮುಂದಿನದರಲ್ಲಿ ಅಂಕಿ ಇರುತ್ತವೆ, ತಿರುಗಿಸಿದರೆ ಟಿಕ್ ಟಿಕ್ ಎಂದು ಕೂರುತ್ತದೆ. ಅದನ್ನು 11ಕ್ಕೆ ಇಟ್ಟುಬಿಡಿ. ಅದರ ಹಿಂದಿನ ರಿಂಗ್ ಟಿಕ್ ಅನ್ನದೆ ಮೆತ್ತಗೆ ತಿರುಗುತ್ತದೆ. ಒಂದು ಕಡೆ ತಿರುಗಿಸಿದರೆ ಎಫ್/2ಕ್ಕೆ ಪೂರ್ತಿ ತೆರೆಯುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ನೀವು ಇಟ್ಟ 11ಕ್ಕೆ ಬಂದು ತಾನಾಗಿ ನಿಲ್ಲುತ್ತದೆ. ಲೆನ್ಸಿನ ಒಳಗೆ ಇಣುಕಿದರೆ ಎಂಟು ಎಸಳುಗಳು ಕೂಡಿಕೊಂಡು ಬರುವುದು ಕಾಣುತ್ತದೆ. ಕಣ್ಣು ವ್ಯೂಫೈಂಡರಿನಿಂದ ತೆಗೆಯದೆ ಇಷ್ಟೂ ಮಾಡಬಹುದು. ಕೆಲಸದ ಕ್ರಮ ಹೀಗೆ:

1. ಹಿಂದಿನ ರಿಂಗ್ ತಿರುಗಿಸಿ ಎಫ್/2ಕ್ಕೆ ತೆರೆಯಿರಿ. ಚಿತ್ರ ಬೆಳಗುತ್ತದೆ, ಫೋಕಸ್ ಆದ ಜಾಗ ಎದ್ದು ಕಾಣುತ್ತದೆ.
2. ನೀರಿನ ಮೇಲಲ್ಲ, ನೀರಿನ ಪಕ್ಕದ ಬಂಡೆಯ ಮೇಲೆ ಫೋಕಸ್ ಮಾಡಿ. ನೀರು ಒಂದೆಡೆ ನಿಲ್ಲದು, ಪೀಕಿಂಗ್ ಅದರ ಮೇಲೆ ಸುಳ್ಳು ಹೇಳುತ್ತದೆ.
3. ಚಿತ್ರವನ್ನು ಹಿಗ್ಗಿಸಿ ಬಂಡೆಯ ಗೆರೆಗಳನ್ನು ನೋಡಿ ಸರಿಮಾಡಿ.
4. ರಿಂಗ್ ತಿರುಗಿಸಿ 11ಕ್ಕೆ ಮುಚ್ಚಿ, ಇನ್ನೊಮ್ಮೆ ಹಿಗ್ಗಿಸಿ ನೋಡಿ. ಕೆಲವು ಹಳೆಯ ಲೆನ್ಸುಗಳಲ್ಲಿ ಮುಚ್ಚುವಾಗ ಫೋಕಸ್ ಸ್ವಲ್ಪ ಸರಿಯುತ್ತದೆ.

ಮುಂದಿನ ಕಲ್ಲೂ ಹಿಂದಿನ ಅಬ್ಬಿಯೂ ಎರಡೂ ಸ್ಪಷ್ಟವಾಗಿ ಬೇಕಾದಾಗ ಲೆನ್ಸಿನ ಮೇಲಿನ ದೂರದ ಅಳತೆ ನೆರವಿಗೆ ಬರುತ್ತದೆ. ಫುಲ್ ಫ್ರೇಮಿನಲ್ಲಿ, ಅಂದರೆ ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನಲ್ಲಿ, 58 ಎಂಎಂ, ಎಫ್/11 ಇದ್ದರೆ, ಸುಮಾರು 10 ಮೀಟರಿಗೆ ಫೋಕಸ್ ಇಟ್ಟಾಗ 5 ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ. 28 ಎಂಎಂ ಆದರೆ 2.4 ಮೀಟರಿಗೆ ಇಟ್ಟು 1.2 ಮೀಟರಿನಿಂದಲೇ ಸ್ಪಷ್ಟತೆ ಪಡೆಯಬಹುದು. ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಅಂತ ದೂರದ ಅಳತೆಯ ಪಕ್ಕ ಪ್ರತಿ ಎಫ್ ಅಂಕಿಗೂ ಗುರುತು ಇರುತ್ತದೆ. ಆದರೆ ಈ ಗುರುತುಗಳು ಫಿಲ್ಮಿನ ಕಾಲದವು. ಇವತ್ತಿನ ಸೆನ್ಸರಿಗೆ ಸ್ವಲ್ಪ ಬಿಗಿ ಹಿಡಿಯಬೇಕು. ಎಫ್/11ರಲ್ಲಿ ತೆಗೆಯುವಾಗ ಎಫ್/8ರ ಗುರುತುಗಳನ್ನು ನಂಬಿ. ಎಫ್/16ಕ್ಕೆ ಹೋಗುವ ಆಸೆ ಬೇಡ, ಚಿತ್ರ ಮೃದುವಾಗುತ್ತದೆ. ಬೆಳಕು ಕಡಿಮೆ ಮಾಡಬೇಕಾದರೆ ಫಿಲ್ಟರ್ ಇದೆ.

ಶಟರ್: ನೀರು ತೆಳುವಾದಷ್ಟೂ ಸಮಯ ಕಡಿಮೆ

ನಾನು ಒತ್ತಿ ಹೇಳಬೇಕಾದ್ದು ಇದೇ. ಜಲಪಾತ ಅಂದರೆ ಎರಡು, ನಾಲ್ಕು ಸೆಕೆಂಡ್ ಶಟರ್ ತೆರೆದಿಟ್ಟು ಹಾಲು ಸುರಿದಂತೆ ಮಾಡುವುದು ಅಂತ ಎಲ್ಲರೂ ಕಲಿತಿರುತ್ತಾರೆ. ತುಂಬಿದ ಅಬ್ಬಿಗೆ ಅದು ನಡೆಯುತ್ತದೆ. ಚಳಿಗಾಲದ ಅಬ್ಬಿಗೆ ಹಾಗೆ ಮಾಡಿದರೆ ನೀರೇ ಮಾಯವಾಗುತ್ತದೆ. ತೆಳು ಎಳೆ ಗಾಳಿಗೆ ಅತ್ತಿತ್ತ ಓಲಾಡುತ್ತಿರುತ್ತದೆ. ಒಂದು ಜಾಗದಲ್ಲಿ ಅರೆಗಳಿಗೆ ನೀರು, ಉಳಿದ ಹೊತ್ತು ಬಂಡೆ. ಎರಡನ್ನೂ ಬೆರೆಸಿ ಸೆನ್ಸರ್ ಬೂದು ಮಸುಕನ್ನು ಕೊಡುತ್ತದೆ.

ಒಂದು ಎಳೆಯನ್ನು ಹತ್ತಿರದಿಂದ ಗಮನಿಸಿ. ಬಂಡೆಯ ಮೇಲಂಚಿನಲ್ಲಿ ಅದು ಗಾಜಿನಂತೆ ತಿಳಿಯಾಗಿ ಬಾಗುತ್ತದೆ. ಒಂದೆರಡು ಅಡಿ ಇಳಿದ ಮೇಲೆ ಬಿಳಿ ಗೆರೆಯಾಗುತ್ತದೆ. ಚಾಚಿದ ಕಲ್ಲೊಂದಕ್ಕೆ ತಾಗಿ ಎರಡಾಗಿ ಸೀಳಿ, ಒಂದು ಪಾಲು ಬಂಡೆಗೆ ಅಂಟಿಕೊಂಡು ಹರಿಯುತ್ತದೆ, ಇನ್ನೊಂದು ಹನಿಹನಿಯಾಗಿ ಹಾರುತ್ತದೆ. 1/60 ಸೆಕೆಂಡಿನಲ್ಲಿ ತೆಗೆದರೆ ಹನಿಗಳು ತುಂಡು ಗೆರೆಗಳಾಗಿ, ಗಲಿಬಿಲಿಯಾಗಿ ಕಾಣುತ್ತವೆ. 1/4 ಸೆಕೆಂಡಿಗೆ ಬಂದಾಗ ಹನಿಗಳು ಕೂಡಿ ದಾರವಾಗುತ್ತವೆ, ಕಲ್ಲಿಗೆ ತಾಗಿ ಸೀಳಿದ ಆಕಾರವೂ ಉಳಿದಿರುತ್ತದೆ. 2 ಸೆಕೆಂಡಿನಲ್ಲಿ ಆ ಸೀಳೇ ಅಳಿಸಿಹೋಗಿ ಒಂದು ಮಬ್ಬು ಪಟ್ಟಿ ಉಳಿಯುತ್ತದೆ. ಹಾಗಾಗಿ 1/4ರಿಂದ ಶುರುಮಾಡಿ, 1/8 ಮತ್ತು 1/2 ತೆಗೆದು ಮೂರನ್ನೂ ಹಿಗ್ಗಿಸಿ ನೋಡಿ. ಆ ಅಬ್ಬಿಗೆ ಯಾವುದು ಸರಿ ಅಂತ ಅಲ್ಲೇ ಗೊತ್ತಾಗುತ್ತದೆ.

ಎತ್ತರ, ದೂರ ಎರಡೂ ಲೆಕ್ಕಕ್ಕೆ ಬರುತ್ತವೆ. ಒಂದು ಮೀಟರ್ ಬಿದ್ದ ನೀರು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿರುತ್ತದೆ. ಹತ್ತು ಮೀಟರ್ ಬಿದ್ದರೆ ಸುಮಾರು 14. ಆದ್ದರಿಂದ ಅಬ್ಬಿಯ ಬುಡವನ್ನೇ ತೆಗೆಯುವಾಗ ಶಟರ್ ಇನ್ನಷ್ಟು ಚುರುಕಾಗಿರಲಿ. ಕಣಿವೆಯಾಚೆ ನಿಂತು ಜೋಗ ತೆಗೆಯುವಾಗ ನೀರು ಚೌಕಟ್ಟಿನಲ್ಲಿ ನಿಧಾನ ಸಾಗಿದಂತೆ ಇರುತ್ತದೆ, ಅಲ್ಲಿ ಅರ್ಧದಿಂದ ಒಂದು ಸೆಕೆಂಡ್ ಹಿಡಿಸುತ್ತದೆ.

ಬೆಳಕಿನ ಅಳತೆ ಮತ್ತು ಫಿಲ್ಟರ್

ಬೆಳಗಿನ ಕಾಡಿನ ನೆರಳಲ್ಲಿ ಐಎಸ್ಒ 100, ಎಫ್/11 ಇದ್ದರೆ ಶಟರ್ ಸುಮಾರು 1/8 ಸೆಕೆಂಡಿಗೆ ಬರುತ್ತದೆ. ಪ್ರತಿಫಲನದ ಹೊಳಪು ತೆಗೆಯುವ ಪೋಲರೈಸರ್ ಫಿಲ್ಟರ್ ಹಾಕಿದರೆ ಒಂದೂವರೆ ಸ್ಟಾಪ್ ಬೆಳಕು ಹೋಗಿ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) 1/3 ಸೆಕೆಂಡ್. ಬೇಕಾದ್ದು ಸಿಕ್ಕೇಬಿಟ್ಟಿತು, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕೇ ಇಲ್ಲ. ಪೂರ್ತಿ ಬಿಸಿಲಾದರೆ ಅದೇ ಎಫ್/11ಕ್ಕೆ 1/200 ಆಗುತ್ತದೆ, ಆಗ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ64 ಹಾಕಿದರೆ ಮತ್ತೆ 1/3. ಆದರೆ ಬಿಸಿಲಿನಲ್ಲಿ ಬಿಳಿ ಸುಟ್ಟು, ನೆರಳು ಕಪ್ಪಾಗಿ, ಏನು ಮಾಡಿದರೂ ಅಂದ ಕಾಣುವುದಿಲ್ಲ. ನನಗೆ ಒಂದೇ ಫಿಲ್ಟರ್ ಕೊಳ್ಳಿ ಅಂದರೆ ಪೋಲರೈಸರನ್ನೇ ಕೊಳ್ಳುತ್ತೇನೆ. ಅದನ್ನು ಮೆಲ್ಲಗೆ ತಿರುಗಿಸಿದಾಗ ಒದ್ದೆ ಎಲೆಗಳ ಬಿಳಿ ಮಿಂಚು ಹೋಗಿ ಹಸಿರು ಮೇಲೆದ್ದು ಬರುವುದನ್ನು ನೋಡಿದರೆ ನೀವೂ ಒಪ್ಪುತ್ತೀರಿ. ಕಲ್ಲಿನ ಹೊಳಪನ್ನು ಮಾತ್ರ ಪೂರ್ತಿ ತೆಗೆಯಬೇಡಿ. ಒದ್ದೆ ಬಂಡೆ ಒದ್ದೆಯಾಗಿಯೇ ಕಾಣಲಿ.

ನೀರಿನ ತುಂತುರಿನಲ್ಲಿ ಕಾಮನಬಿಲ್ಲು ಬೇಕಾದವರು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಬೇಕು. ನಿಮ್ಮ ತಲೆಯ ನೆರಳಿನ ಸುತ್ತ ಸುಮಾರು 42 ಡಿಗ್ರಿ ಆಚೆ ಅದು ಮೂಡುತ್ತದೆ. ಪೋಲರೈಸರನ್ನು ತಪ್ಪಾಗಿ ತಿರುಗಿಸಿದರೆ ಬಿಲ್ಲು ಮಾಯ, ಸರಿಯಾಗಿ ತಿರುಗಿಸಿದರೆ ಇನ್ನೂ ಗಾಢ.

ಕ್ಯಾಮೆರಾ ಕಪ್ಪು ಬಂಡೆಯನ್ನು ನೋಡಿ ಮೋಸಹೋಗಿ ನೀರನ್ನು ಸುಡುತ್ತದೆ. ಮ್ಯಾನುಯಲ್ ಮೋಡಿನಲ್ಲಿ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಗ್ರಾಫ್) ನೋಡುತ್ತಾ, ಅತಿ ಬಿಳಿ ಎಳೆಯಲ್ಲೂ ವಿವರ ಉಳಿಯುವವರೆಗೆ ಎಕ್ಸ್‌ಪೋಷರ್ ಇಳಿಸಿ. ನೆರಳನ್ನು ಆಮೇಲೆ ರಾ ಫೈಲಿನಿಂದ ಎತ್ತಬಹುದು. ಸುಟ್ಟ ಬಿಳಿಯನ್ನು ಯಾರಿಂದಲೂ ವಾಪಸ್ ತರಲಾಗದು. ಹಳೆಯ ಲೆನ್ಸಿನ ಗಾಜಿನ ಲೇಪನ ಇವತ್ತಿನದರಷ್ಟು ಅಡ್ಡ ಬೆಳಕನ್ನು ತಡೆಯುವುದಿಲ್ಲ, ಅಬ್ಬಿಯ ಮೇಲಿನ ಆಕಾಶದ ತುಂಡು ಸಾಕು, ಚಿತ್ರ ತೊಳೆದ ಹಾಗಾಗುತ್ತದೆ. ಹುಡ್ ಹಾಕಿ, ಇಲ್ಲವೇ ಅಂಗೈ ಅಡ್ಡ ಹಿಡಿಯಿರಿ. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರನ್ನೂ ಮುಚ್ಚಿ, ಹಿಂದಿನಿಂದ ಬೆಳಕು ನುಗ್ಗುತ್ತದೆ.

ಎಫ್/2ರಲ್ಲೂ ಕೆಲವು ತೆಗೆಯಿರಿ

ನೇರವಾಗಿ ಹೇಳಬೇಕೆಂದರೆ ಎಫ್/11ರಲ್ಲಿ ಹಳೆಯ ಲೆನ್ಸಿಗೂ ಹೊಸ ಲೆನ್ಸಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಹೀಲಿಯೋಸಿನ ನಿಜವಾದ ಗುಣ ಪೂರ್ತಿ ತೆರೆದಾಗ ಹೊರಬರುತ್ತದೆ. ಅಬ್ಬಿಯ ಮುಂದೆ ಒಂದು ಜರಿಗಿಡ ಹುಡುಕಿ. ಒಂದೆರಡು ಮೀಟರ್ ದೂರದಿಂದ ಅದರ ತುದಿಗೆ ಫೋಕಸ್ ಮಾಡಿ ಎಫ್/2ರಲ್ಲಿ ತೆಗೆಯಿರಿ. ಹಿಂದಿನ ಎಲೆಗಳು ಅಂಚಿನ ಕಡೆ ಸುಳಿಯಂತೆ ಸುತ್ತಿಕೊಳ್ಳುತ್ತವೆ. ಬೆಳಕಿಗೆ ಮಿಂಚುವ ಹನಿಗಳು ನಡುವೆ ದುಂಡಾಗಿ, ಅಂಚಿನಲ್ಲಿ ಅರೆಮುಚ್ಚಿದ ಕಣ್ಣಿನ ಆಕಾರಕ್ಕೆ ತಿರುಗುತ್ತವೆ. ನೀರು ಬರೀ ಒಂದು ಬಿಳಿ ಸುಳಿವಾಗಿ ಹಿಂದೆ ನಿಲ್ಲುತ್ತದೆ. ಗಾಳಿಗೆ ಗಿಡ ಅಲುಗುವುದರಿಂದ ಇಲ್ಲಿ ಶಟರ್ 1/250ಕ್ಕಿಂತ ಚುರುಕಾಗಿರಲಿ, ಬೇಕಿದ್ದರೆ ಐಎಸ್ಒ ಏರಿಸಿ. ಬಿಸಿಲು ಎದುರಿನಿಂದ ಬರುತ್ತಿದ್ದರೆ ಇನ್ನೂ ಒಳ್ಳೆಯದು. ಆ ಹೊತ್ತಿನ ಮಸುಕು ಬೆಳಕನ್ನು ಈ ಲೆನ್ಸ್ ಹಿಡಿಯುವ ಹಾಗೆ ಹೊಸದು ಹಿಡಿಯುವುದಿಲ್ಲ.

ವಾಪಸ್ ಬಂದ ಮೇಲೆ

ಚಳಿಯಲ್ಲಿ ತಣ್ಣಗಾದ ಲೆನ್ಸನ್ನು ಸೀದಾ ಬೆಚ್ಚಗಿನ ಮನೆಯೊಳಗೆ ತಂದರೆ ಗಾಜಿನ ಮೇಲೆ ಬೆವರು ಕಟ್ಟುತ್ತದೆ, ಒಳಗೂ ಕಟ್ಟಬಹುದು. ನಮ್ಮ ಕಡೆ ಬೆಳಿಗ್ಗೆ ಬಚ್ಚಲ ಒಲೆ ಉರಿಯುತ್ತಾ, ಅಡುಗೆಮನೆಯಲ್ಲಿ ಕಡುಬು ಬೇಯುತ್ತಾ ಮನೆ ತುಂಬ ಹಬೆ ಇರುತ್ತದೆ. ಹೊರಗಿರುವಾಗಲೇ ಲೆನ್ಸನ್ನು ಗಾಳಿಯಾಡದ ಜಿಪ್ ಕವರಿಗೆ ಹಾಕಿ ಬ್ಯಾಗಿನಲ್ಲಿಡಿ. ಒಳಗೆ ತಂದು ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ತೆರೆಯಿರಿ. ರಾತ್ರಿ ಕಾರಿನಲ್ಲಿ ಬಿಡುವುದೂ ಬೇಡ.

ಮುಂದಿನ ಗಾಜಿನ ಮೇಲೆ ತುಂತುರು ಒಣಗಿದ್ದರೆ ಮೊದಲು ಬ್ಲೋವರಿನಿಂದ ಧೂಳು ಹಾರಿಸಿ, ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಹಳೆಯ ಲೇಪನ ಬೇಗ ಗೀರಾಗುತ್ತದೆ.

ಚರ್ಮದ ಹಳೆಯ ಕೇಸಿನಲ್ಲಿ ಲೆನ್ಸ್ ಇಡಬೇಡಿ, ಚರ್ಮ ತೇವ ಹಿಡಿದಿಟ್ಟು ಬೂಷ್ಟನ್ನು ಬೆಳೆಸುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಚಿಕ್ಕ ಮೀಟರ್ ಇಷ್ಟಿದ್ದರೆ ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ. ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ನೀರು ಹೀರಿ ತುಂಬಿದೆ ಅಂತ ಅರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ, ಅಡುಗೆ ಪಾತ್ರೆ ಮಾತ್ರ ಅದಕ್ಕೆ ಬಳಸಬೇಡಿ. ಜೂನ್ ಬರುವ ಮುಂಚೆ ಎಲ್ಲ ಲೆನ್ಸುಗಳನ್ನೂ ಹೊರತೆಗೆದು ರಿಂಗುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನಾಲ್ಕು ಸಲ ತಿರುಗಿಸಿ, ಟಾರ್ಚ್ ಹಿಡಿದು ಒಳಗೆ ನೋಡಿ, ಹೊಸ ಜೆಲ್ ಜೊತೆ ಮತ್ತೆ ಡಬ್ಬಿಗೆ ಹಾಕಿಡಿ.